ಆಲ್ಫ್ರೆಡ್ ಬ್ಯೂಖಿ

ಆಲ್ಫ್ರೆಡ್ ಬ್ಯೂಖಿ (ಜುಲೈ 11, 1879 – ಅಕ್ಟೋಬರ್ 27, 1959) ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಮತ್ತು ಸಂಶೋಧಕರು. ಎಂಜಿನ್ನಿನಿಂದ ವ್ಯರ್ಥವಾಗಿ ಹೊರಬೀಳುವ ಬಿಸಿ ಅನಿಲದಿಂದ ಟರ್ಬೈನೊಂದನ್ನು ತಿರುಗಿಸಿ, ಅದರ ಬಲದಿಂದ ಅದೇ ಎಂಜಿನ್ನಿಗೆ ಒತ್ತಡದ ಗಾಳಿಯನ್ನು ಊಡಿಸುವ ಟರ್ಬೊಚಾರ್ಜರ್ ತಂತ್ರವನ್ನು ಇವರು ರೂಪಿಸಿದರು. ಇದರ ಮೊದಲ ಪೇಟೆಂಟ್ 1905ರದು. ಆದರೆ ಅದು ವಾಣಿಜ್ಯ ಬಳಕೆಗೆ ಬಂದದ್ದು 1926ರ ಸುಮಾರಿಗೆ. ಸಿಲಿಂಡರಿನಿಂದ ಹೊರಟ ಅನಿಲದ ಶಕ್ತಿಯು ಟರ್ಬೈನನ್ನು ಮುಟ್ಟುವ ಮೊದಲೇ ಕಳೆದುಹೋಗದಂತೆ ತಡೆಯುವುದೇ ಈ ಎರಡು ದಶಕಗಳ ಮುಖ್ಯ ತೊಡಕಾಗಿತ್ತು. ಇಂದಿನ ಕಾರುಗಳಲ್ಲಿ ವೇಸ್ಟ್‌ಗೇಟ್ ಸೋರಿಕೆ, ಬೂಸ್ಟ್ ವಿಳಂಬ ಎಂದು ಗುರುತಿಸುವ ದೋಷಗಳ ಮೂಲವೂ ಅದೇ. ಇವರ ಹೆಸರನ್ನು ಕೆಲವು ಬರಹಗಳಲ್ಲಿ ಬ್ಯೂಚಿ ಎಂದೂ ಬರೆಯುವುದುಂಟು.

ಜನನ ಮತ್ತು ವಿದ್ಯಾಭ್ಯಾಸ

ಬ್ಯೂಖಿಯವರು ಜ್ಯೂರಿಕ್ ಪ್ರಾಂತ್ಯದ ವಿಂಟರ್‌ಥೂರ್ ನಗರದಲ್ಲಿ ಜನಿಸಿದರು. ತಂದೆ ಯೋಹಾನ್ ಬ್ಯೂಖಿ ಅದೇ ಊರಿನ ಸುಲ್ಜರ್ ಯಂತ್ರೋದ್ಯಮ ಸಂಸ್ಥೆಯಲ್ಲಿ ಉನ್ನತ ಹುದ್ದೆಯಲ್ಲಿದ್ದರು. ವಿಂಟರ್‌ಥೂರ್ ಆಗ ಹಬೆಯಂತ್ರಗಳಿಗೂ ರೈಲ್ವೆ ಎಂಜಿನ್ನುಗಳಿಗೂ ಹೆಸರಾದ ಕೈಗಾರಿಕಾ ಪಟ್ಟಣ. ಕಾಕತಾಳೀಯವೆಂಬಂತೆ, ಬ್ಯೂಖಿ ಹುಟ್ಟಿದ 1879ರಲ್ಲೇ ತರುಣ ರುಡಾಲ್ಫ್ ಡೀಸೆಲ್ ಇದೇ ಸುಲ್ಜರ್ ಕಾರ್ಖಾನೆಗೆ ಪ್ರಾಯೋಗಿಕ ತರಬೇತಿಗಾಗಿ ಬಂದಿದ್ದರು. ಮುಂದೆ ಡೀಸೆಲ್ ಎಂಜಿನ್ನನ್ನು ಬೇಗನೆ ತಯಾರಿಸತೊಡಗಿದ ಸಂಸ್ಥೆಗಳಲ್ಲಿ ಸುಲ್ಜರ್ ಕೂಡ ಒಂದು.

1899ರಲ್ಲಿ ಬ್ಯೂಖಿ ಜ್ಯೂರಿಕ್‌ನ ಫೆಡರಲ್ ಪಾಲಿಟೆಕ್ನಿಕ್ (ಇಂದಿನ ಇಟಿಎಚ್ ಜ್ಯೂರಿಕ್) ಸೇರಿ, 1903ರಲ್ಲಿ ಯಾಂತ್ರಿಕ ಎಂಜಿನಿಯರಿಂಗ್ ಪದವಿ ಪಡೆದರು. ಹಬೆ ಟರ್ಬೈನುಗಳ ಶಾಸ್ತ್ರಕ್ಕೆ ತಳಹದಿ ಹಾಕಿದ ಔರೆಲ್ ಸ್ಟೊಡೊಲಾ ಆ ಕಾಲದಲ್ಲಿ ಅಲ್ಲಿ ಪ್ರಾಧ್ಯಾಪಕರಾಗಿದ್ದರು. ಪಿಸ್ಟನ್ ಎಂಜಿನ್ ಮತ್ತು ಟರ್ಬೈನ್ ಎಂಬ ಎರಡು ಬೇರೆ ಬೇರೆ ಯಂತ್ರಪರಂಪರೆಗಳು ಒಂದೇ ವಿದ್ಯಾರ್ಥಿಯ ಕಣ್ಣಿಗೆ ಒಟ್ಟಿಗೆ ಬೀಳಲು ಅದಕ್ಕಿಂತ ಅನುಕೂಲವಾದ ಸ್ಥಳ ಆಗ ಬೇರೆಡೆ ಇದ್ದಿರಲಾರದು. ಪದವಿಯ ನಂತರ ಬ್ಯೂಖಿ ಕೆಲವು ವರ್ಷ ಬೆಲ್ಜಿಯಂ ಮತ್ತು ಇಂಗ್ಲೆಂಡಿನಲ್ಲಿ ದುಡಿದರು.

1905ರ ಪೇಟೆಂಟ್

ಪಿಸ್ಟನ್ ಎಂಜಿನ್ನಿನಲ್ಲಿ ಸುಡುವ ಇಂಧನದ ಶಕ್ತಿಯಲ್ಲಿ ಹೆಚ್ಚು ಕಡಿಮೆ ಮೂರನೆಯ ಒಂದು ಪಾಲು ಬಿಸಿ ಅನಿಲದ ರೂಪದಲ್ಲಿ ನಿಷ್ಕಾಸ ಕೊಳವೆಯ ಮೂಲಕ ಹೊರಟುಹೋಗುತ್ತದೆ. ಈ ನಷ್ಟವನ್ನು ಮರಳಿ ದುಡಿಸಿಕೊಳ್ಳುವ ಯೋಜನೆಯನ್ನು ಬ್ಯೂಖಿ ರೂಪಿಸಿದರು. 1905ರ ನವೆಂಬರ್ 16ರಂದು ಜರ್ಮನಿಯಲ್ಲಿ ಅದಕ್ಕೆ ಪೇಟೆಂಟ್ ದಾಖಲಾಯಿತು. ಆಗ ಅವರ ವಯಸ್ಸು 26.

ಸಿಲಿಂಡರಿಗೆ ಒತ್ತಡದ ಗಾಳಿ ತುಂಬುವ ಕಲ್ಪನೆ ಅವರಿಗಿಂತ ಹಿಂದಿನದು. ಗಾಟ್ಲೀಬ್ ಡೈಮ್ಲರ್ 1885ರಲ್ಲೇ ಅಂತಹ ಉಪಾಯಕ್ಕೆ ಪೇಟೆಂಟ್ ಪಡೆದಿದ್ದರು. ರುಡಾಲ್ಫ್ ಡೀಸೆಲ್ ಕೂಡ ಆ ದಿಕ್ಕಿನಲ್ಲಿ ಪ್ರಯೋಗ ನಡೆಸಿದ್ದರು. ಆದರೆ ಆ ವಿಧಾನಗಳಲ್ಲಿ ಗಾಳಿಯನ್ನು ಒತ್ತುವ ಕೆಲಸಕ್ಕೆ ಎಂಜಿನ್ನಿನ ಬಲವೇ ವೆಚ್ಚವಾಗುತ್ತಿತ್ತು. ಬ್ಯೂಖಿಯವರ ಹೊಸತನವಿದ್ದುದು ಆ ವೆಚ್ಚವನ್ನು ವ್ಯರ್ಥ ಅನಿಲದಿಂದ ಭರಿಸಿದ್ದರಲ್ಲಿ. ಅವರ ಮೊದಲ ನಕ್ಷೆಯಲ್ಲಿ ಕಂಪ್ರೆಸರ್, ಪಿಸ್ಟನ್ ಎಂಜಿನ್ ಮತ್ತು ಟರ್ಬೈನ್ ಮೂರೂ ಒಂದೇ ದಂಡಕ್ಕೆ ಜೋಡಣೆಗೊಂಡಿದ್ದವು. ಟರ್ಬೈನ್ ಮತ್ತು ಕಂಪ್ರೆಸರ್ ಮಾತ್ರ ಒಂದು ದಂಡದಲ್ಲಿದ್ದು, ಎಂಜಿನ್ನಿನೊಂದಿಗೆ ಅನಿಲದ ಸಂಬಂಧವಷ್ಟೇ ಉಳಿಯುವ ಇಂದಿನ ಸರಳ ರೂಪ ನಂತರದ ಬೆಳವಣಿಗೆ.

ಸುಲ್ಜರ್‌ನಲ್ಲಿ ಪ್ರಯೋಗಗಳು

1909ರಲ್ಲಿ ಬ್ಯೂಖಿ ಸುಲ್ಜರ್ ಸಂಸ್ಥೆಗೆ ಸೇರಿ ಡೀಸೆಲ್ ಎಂಜಿನ್ನುಗಳ ಸಂಶೋಧನೆಯ ಹೊಣೆ ಹೊತ್ತರು. 1911ರಲ್ಲಿ ಅಲ್ಲಿ ಪ್ರಯೋಗಸ್ಥಾವರವೊಂದು ಆರಂಭವಾಯಿತು. 1915ರಲ್ಲಿ ಟರ್ಬೊ ಅಳವಡಿಸಿದ ಡೀಸೆಲ್ ಎಂಜಿನ್ನಿನ ಮಾದರಿಯನ್ನು ಅವರು ಮುಂದಿಟ್ಟರೂ ಉದ್ಯಮ ವಲಯದಲ್ಲಿ ಅದಕ್ಕೆ ಮನ್ನಣೆ ದೊರೆಯಲಿಲ್ಲ.

ಈ ಅನಾದರಕ್ಕೆ ಕಾರಣವಿಲ್ಲದೆ ಇರಲಿಲ್ಲ. ಟರ್ಬೊಚಾರ್ಜರಿನ ಒಟ್ಟು ದಕ್ಷತೆಯು ಟರ್ಬೈನಿನ ದಕ್ಷತೆ ಮತ್ತು ಕಂಪ್ರೆಸರಿನ ದಕ್ಷತೆಗಳ ಗುಣಲಬ್ಧ. ಉದಾಹರಣೆಗೆ, ಎರಡೂ ಶೇ. 60ರಷ್ಟು ದಕ್ಷವಾಗಿದ್ದರೆ ಒಟ್ಟು ದಕ್ಷತೆ ಕೇವಲ ಶೇ. 36 ಆಗುತ್ತದೆ, ಎರಡನ್ನೂ ಶೇ. 80ಕ್ಕೆ ಏರಿಸಿದರೆ ಶೇ. 64. ಬಿಡಿಭಾಗಗಳಲ್ಲಿನ ಅಲ್ಪ ಕೊರತೆ ಒಟ್ಟು ಫಲದಲ್ಲಿ ಇಮ್ಮಡಿಯಾಗಿ ಕಾಣಿಸುತ್ತಿದ್ದುದರಿಂದ, ಆ ಕಾಲದ ಯಂತ್ರಗಳಲ್ಲಿ ಟರ್ಬೈನ್ ಉತ್ಪಾದಿಸಿದ ಬಲವು ಕಂಪ್ರೆಸರಿನ ಅಗತ್ಯಕ್ಕೆ ಸಾಲದೆ ಹೋಗುವ ಅಪಾಯ ಸದಾ ಇತ್ತು. ಆಗ ನಿಷ್ಕಾಸ ಮಾರ್ಗದಲ್ಲಿ ಕುಳಿತ ಟರ್ಬೈನ್ ನೆರವಾಗುವ ಬದಲು ಅಡ್ಡಗಟ್ಟೆಯಾಗಿ ಎಂಜಿನ್ನನ್ನೇ ಉಸಿರುಗಟ್ಟಿಸುತ್ತದೆ. ಕೆಂಪಗೆ ಕಾಯುವ ಅನಿಲದಲ್ಲಿ ಅತಿವೇಗವಾಗಿ ತಿರುಗುತ್ತಲೇ ಬಾಳುವಂತಹ ಲೋಹಗಳೂ ಆಗ ವಿರಳವಾಗಿದ್ದವು.

ಸಮಕಾಲೀನರು

ಮೊದಲ ಮಹಾಯುದ್ಧದ ಕಾಲದಲ್ಲಿ ಇದೇ ತತ್ತ್ವವನ್ನು ಬೇರೆ ಉದ್ದೇಶಕ್ಕೆ ಬಳಸುವ ಯತ್ನಗಳು ನಡೆದವು. ಮೇಲೇರಿದಂತೆ ಗಾಳಿ ವಿರಳವಾಗಿ ವಿಮಾನದ ಎಂಜಿನ್ ಶಕ್ತಿಗುಂದುತ್ತದೆ. ಫ್ರಾನ್ಸಿನಲ್ಲಿ ಆಗಸ್ಟ್ ರಾಟೊ ಇದಕ್ಕಾಗಿ ನಿಷ್ಕಾಸ ಟರ್ಬೈನನ್ನು ಬಳಸಿದರು. ಅಮೆರಿಕದಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಸ್ಯಾನ್‌ಫೋರ್ಡ್ ಮಾಸ್ 1918ರಲ್ಲಿ ಲಿಬರ್ಟಿ ಎಂಜಿನ್ನೊಂದನ್ನು ಕೊಲೊರಾಡೊದ ಪೈಕ್ಸ್ ಪೀಕ್ ಶಿಖರಕ್ಕೆ, ಸುಮಾರು 14,000 ಅಡಿ ಎತ್ತರಕ್ಕೆ, ಸಾಗಿಸಿ ಪರೀಕ್ಷಿಸಿದರು. ಇವರ ಗುರಿ ಕಳೆದುಹೋದ ಶಕ್ತಿಯನ್ನು ಮರಳಿ ಪಡೆಯುವುದಾಗಿತ್ತು. ಬ್ಯೂಖಿಯವರದು ನೆಲಮಟ್ಟದಲ್ಲೇ ಒಂದು ಎಂಜಿನ್ನಿನಿಂದ ಒಂದೂವರೆ ಎಂಜಿನ್ನಿನ ಕೆಲಸ ತೆಗೆಯುವುದು. ಟರ್ಬೊಚಾರ್ಜರಿನ ಜನಕರಾರು ಎಂಬ ಚರ್ಚೆಯಲ್ಲಿ ಈ ವ್ಯತ್ಯಾಸವನ್ನು ಹಲವರು ಗಮನಿಸುವುದಿಲ್ಲ. ಪೇಟೆಂಟಿನ ದಿನಾಂಕವನ್ನು ಪರಿಗಣಿಸಿದರೆ ಬ್ಯೂಖಿಯವರೇ ಮೊದಲಿಗರು.

ಯಶಸ್ಸು: 1924ರಿಂದ 1926

1924ರ ಜೂನ್‌ನಲ್ಲಿ ಬಾಡೆನ್ ನಗರದ ಬ್ರೌನ್ ಬೊವೆರಿ ಸಂಸ್ಥೆಯು ತನ್ನ ಮೊದಲ ಟರ್ಬೊಚಾರ್ಜರನ್ನು ವಿಂಟರ್‌ಥೂರಿನ ಸ್ವಿಸ್ ಲೋಕೊಮೊಟಿವ್ ಕಾರ್ಖಾನೆಗೆ ಕಳುಹಿಸಿತು. ಹಬೆ ಟರ್ಬೈನುಗಳಲ್ಲಿ ಪಳಗಿದ್ದ ಬ್ರೌನ್ ಬೊವೆರಿಯ ಕೈಗೆ ಈ ಕೆಲಸ ಬಂದ ಮೇಲೆ ಬಿಡಿಭಾಗಗಳ ದಕ್ಷತೆಯ ತೊಡಕು ಸಡಿಲವಾಯಿತು.

ಇದೇ ಅವಧಿಯಲ್ಲಿ ಜರ್ಮನ್ ಸಾರಿಗೆ ಸಚಿವಾಲಯವು ಪೂರ್ವ ಪ್ರಷ್ಯಾದ ಕಡಲಯಾನಕ್ಕಾಗಿ ಪ್ರಾಯ್ಸನ್ ಮತ್ತು ಹಾನ್ಸೆಸ್ಟಾಟ್ ಡಾಂಟ್ಸಿಗ್ ಎಂಬ ಎರಡು ಪ್ರಯಾಣಿಕ ಹಡಗುಗಳನ್ನು ಸ್ಟೆಟಿನ್‌ನ ವುಲ್ಕಾನ್ ಹಡಗುಕಟ್ಟೆಯಲ್ಲಿ ಕಟ್ಟಿಸಿತು. ಅವುಗಳ ಹತ್ತು ಸಿಲಿಂಡರಿನ ಡೀಸೆಲ್ ಎಂಜಿನ್ನುಗಳ ಶಕ್ತಿ ಬ್ಯೂಖಿಯವರ ಮೇಲ್ವಿಚಾರಣೆಯಲ್ಲಿ ಅಳವಡಿಸಿದ ಟರ್ಬೊಚಾರ್ಜರುಗಳಿಂದ 1,750 ಅಶ್ವಶಕ್ತಿಯಿಂದ 2,500ಕ್ಕೆ ಏರಿತು, ಅಂದರೆ ಶೇ. 40ಕ್ಕೂ ಹೆಚ್ಚು. ಸಮುದ್ರಯಾನದಲ್ಲಿ ಟರ್ಬೊಚಾರ್ಜರ್ ಬಳಕೆಯಾದ ಮೊದಲ ಉದಾಹರಣೆ ಇದು.

1925ರಲ್ಲಿ ಬ್ಯೂಖಿ ಪಡೆಯಲೆತ್ನಿಸಿದ ಪೇಟೆಂಟ್ ಅವರ ಜೀವನದ ಅತಿ ಮುಖ್ಯ ಕೊಡುಗೆ ಎನ್ನಬಹುದು; 1905ರ ಪೇಟೆಂಟ್ ಹೆಚ್ಚು ಪ್ರಸಿದ್ಧವಾದರೂ ಕಾರ್ಯಸಾಧ್ಯವಾದದ್ದು ಇದೇ. ನಿಷ್ಕಾಸ ಕವಾಟ ತೆರೆದ ಕ್ಷಣದಲ್ಲಿ ಅನಿಲವು ಸಮವಾಗಿ ಹರಿಯದೆ ಮಿಡಿತಗಳಾಗಿ ಚಿಮ್ಮುತ್ತದೆ. ಅದನ್ನು ದೊಡ್ಡ ತೊಟ್ಟಿಯಂತಹ ಕೊಳವೆಗೆ ಬಿಟ್ಟರೆ ಮಿಡಿತದ ಶಕ್ತಿ ಸುಳಿಗಳಲ್ಲಿ ಕರಗಿಹೋಗುತ್ತದೆ. ಬ್ಯೂಖಿ ಕಿರಿದಾದ ಕೊಳವೆಗಳನ್ನು ಬಳಸಿ, ಒಂದರ ಮಿಡಿತ ಇನ್ನೊಂದಕ್ಕೆ ಅಡ್ಡಿಯಾಗದಂತೆ ಸಿಲಿಂಡರುಗಳನ್ನು ಗುಂಪುಗೂಡಿಸಿದರು. ಆರು ಸಿಲಿಂಡರಿನ ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಮೂರು ಮೂರು ಸಿಲಿಂಡರುಗಳಿಗೆ ಒಂದೊಂದು ಕೊಳವೆ ಕೊಟ್ಟರೆ, ಒಂದೇ ಕೊಳವೆಯಲ್ಲಿ ಮಿಡಿತಗಳು 240 ಡಿಗ್ರಿ ಅಂತರದಲ್ಲಿ ಬರುತ್ತವೆ. ಎರಡು ಮಿಡಿತಗಳ ನಡುವಿನ ಒತ್ತಡದ ತಗ್ಗಿನಲ್ಲಿ ಒಳಕವಾಟ ಮತ್ತು ಹೊರಕವಾಟ ಎರಡನ್ನೂ ಕ್ಷಣಕಾಲ ತೆರೆದಿಟ್ಟು, ತಾಜಾ ಗಾಳಿಯಿಂದ ಸಿಲಿಂಡರನ್ನು ತೊಳೆದು ತಂಪಾಗಿಸುವುದು ಈ ವಿಧಾನದ ಇನ್ನೊಂದು ಅಂಗ. ಇಂದಿನ ಕಾರುಗಳ ಟ್ವಿನ್ ಸ್ಕ್ರೋಲ್ ಟರ್ಬೊ ಇದರ ನೇರ ಸಂತಾನ.

ಬ್ಯೂಖಿ ಸಿಂಡಿಕೇಟ್

1926ರಲ್ಲಿ ಬ್ಯೂಖಿ, ಬ್ರೌನ್ ಬೊವೆರಿ ಮತ್ತು ಸ್ವಿಸ್ ಲೋಕೊಮೊಟಿವ್ ಕಾರ್ಖಾನೆ ಸೇರಿ ಬ್ಯೂಖಿ ಸಿಂಡಿಕೇಟ್ ಎಂಬ ಒಕ್ಕೂಟ ರಚಿಸಿದರು. ತಂತ್ರಜ್ಞಾನ ಮತ್ತು ಗ್ರಾಹಕರ ವ್ಯವಹಾರ ಬ್ಯೂಖಿಯವರದು. ಟರ್ಬೊಚಾರ್ಜರ್ ನಿರ್ಮಾಣ ಬ್ರೌನ್ ಬೊವೆರಿಯದು. ಎಂಜಿನ್ ಪರೀಕ್ಷೆ ಕಾರ್ಖಾನೆಯದು. ಹಲವು ದೇಶಗಳ ಎಂಜಿನ್ ತಯಾರಕರು ಇದರಿಂದ ಪರವಾನಗಿ ಪಡೆದರು. 1938ರಲ್ಲಿ ಸ್ವಿಟ್ಜರ್ಲೆಂಡಿನ ಸೌರರ್ ಸಂಸ್ಥೆ ಲಾರಿಯ ಎಂಜಿನ್ನಿಗೆ ಟರ್ಬೊ ಅಳವಡಿಸಿತು. ಅದೇ ವರ್ಷ ಇಟಿಎಚ್ ಜ್ಯೂರಿಕ್ ತನ್ನ ಹಳೆಯ ವಿದ್ಯಾರ್ಥಿಗೆ ಗೌರವ ಡಾಕ್ಟರೇಟ್ ನೀಡಿತು.

ಬ್ಯೂಖಿ 1959ರ ಅಕ್ಟೋಬರ್ 27ರಂದು, ತಮ್ಮ 80ನೆಯ ವಯಸ್ಸಿನಲ್ಲಿ, ಹುಟ್ಟೂರಾದ ವಿಂಟರ್‌ಥೂರಿನಲ್ಲೇ ನಿಧನರಾದರು. ಸಾರ್ವಜನಿಕರಿಗೆ ಮಾರಾಟವಾದ ಮೊದಲ ಟರ್ಬೊ ಕಾರುಗಳನ್ನು, ಅಂದರೆ ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಮತ್ತು ಷೆವರ್ಲೆ ಕಾರ್ವೇರ್ ಮಾಂಜಾ ಸ್ಪೈಡರ್‌ಗಳನ್ನು, ಅವರು ಕಾಣಲಿಲ್ಲ. ಅವೆರಡೂ ಬಂದದ್ದು 1962ರಲ್ಲಿ.

ಕಾರುಗಳಲ್ಲಿ ಟರ್ಬೊ: ವೇಸ್ಟ್‌ಗೇಟ್ ಮತ್ತು ವಿಳಂಬ

ಬ್ಯೂಖಿ ಕೆಲಸ ಮಾಡಿದ ಹಡಗಿನ ಎಂಜಿನ್ನುಗಳು ಗಂಟೆಗಟ್ಟಲೆ ಹೆಚ್ಚು ಕಡಿಮೆ ಒಂದೇ ವೇಗದಲ್ಲಿ ಓಡುವಂತಹವು. ಟರ್ಬೈನಿನ ಅಳತೆಯನ್ನು ಆ ವೇಗಕ್ಕೆ ಹೊಂದಿಸಿದರೆ ಸಾಕಾಗುತ್ತಿತ್ತು. ಕಾರಿನ ಎಂಜಿನ್ನಾದರೋ ನಿಮಿಷಕ್ಕೆ 800 ಸುತ್ತಿನಿಂದ 6,000 ಸುತ್ತಿನವರೆಗೆ ಏರಿಳಿಯುತ್ತದೆ. ದೊಡ್ಡ ಟರ್ಬೈನ್ ಇಟ್ಟರೆ ಕಡಿಮೆ ವೇಗದ ಅಲ್ಪ ಅನಿಲ ಅದನ್ನು ಬೇಗ ತಿರುಗಿಸದು. ವೇಗವರ್ಧಕ ತುಳಿದ ಮೇಲೆ ಬಲ ಬರುವವರೆಗಿನ ಈ ಕಾಯುವಿಕೆಯೇ ಬೂಸ್ಟ್ ವಿಳಂಬ ಅಥವಾ ಟರ್ಬೊ ಲ್ಯಾಗ್. ಚಿಕ್ಕ ಟರ್ಬೈನ್ ಇಟ್ಟರೆ ಹೆಚ್ಚು ವೇಗದಲ್ಲಿ ಅದು ಮಿತಿಮೀರಿ ತಿರುಗಿ ಎಂಜಿನ್ನಿಗೆ ಅಪಾಯ ತರುತ್ತದೆ. ಇದಕ್ಕೆ ಕಂಡುಕೊಂಡ ಪರಿಹಾರ ಚಿಕ್ಕ ಟರ್ಬೈನ್ ಮತ್ತು ಪಕ್ಕದಾರಿಯ ಬಾಗಿಲು. ಹೆಚ್ಚಾದ ಅನಿಲವನ್ನು ಟರ್ಬೈನಿಗೆ ತಾಗದಂತೆ ಹೊರಬಿಡುವ ಈ ಬಾಗಿಲೇ ವೇಸ್ಟ್‌ಗೇಟ್. ಎರಡನೆಯ ಮಹಾಯುದ್ಧದ ವಿಮಾನಗಳಲ್ಲಿ ಇದು ಆಗಲೇ ಬಳಕೆಯಲ್ಲಿತ್ತು. ದಿನನಿತ್ಯದ ಓಡಾಟದ ಕಾರಿನಲ್ಲಿ ಇದನ್ನು ಹದವಾಗಿ ಬಳಸಿ ಹೆಸರು ಮಾಡಿದ್ದು 1970ರ ದಶಕದ ಕೊನೆಯ ಸಾಬ್ 99 ಟರ್ಬೊ.

ಶಕ್ತಿಯನ್ನು ಕಾಯ್ದುಕೊಳ್ಳಲು ಬ್ಯೂಖಿ ಹೆಣಗಿದ ದಾರಿಯಲ್ಲೇ ವೇಸ್ಟ್‌ಗೇಟ್ ಉದ್ದೇಶಪೂರ್ವಕವಾಗಿ ಒಂದು ಕಿಂಡಿ ಇಟ್ಟಿದೆ. ಆ ಕಿಂಡಿ ಮುಚ್ಚಬೇಕಾದಾಗ ಪೂರ್ತಿ ಮುಚ್ಚದಿದ್ದರೆ ಟರ್ಬೈನಿಗೆ ಸಲ್ಲಬೇಕಾದ ಅನಿಲ ಸೋರಿ, ಬೂಸ್ಟ್ ತಡವಾಗಿ ಬರುತ್ತದೆ, ಬಂದರೂ ಪೂರ್ಣವಾಗಿ ಏರುವುದಿಲ್ಲ. ಬಾಗಿಲಿನ ಕೀಲು ಸವೆಯುವುದು, ಅಂಚಿನಲ್ಲಿ ಮಸಿ ಕಟ್ಟುವುದು, ಕೂರುವ ಜಾಗ ಬಿರುಕು ಬಿಡುವುದು, ಆಕ್ಚುಯೇಟರಿನ ಸ್ಪ್ರಿಂಗ್ ಸೊರಗುವುದು ಇಲ್ಲವೆ ಸರಳಿನ ಉದ್ದದ ಹೊಂದಾಣಿಕೆ ತಪ್ಪುವುದು ಸಾಮಾನ್ಯ ಕಾರಣಗಳು. ಕೀಲು ಸವೆದಾಗ ನಿಂತಲ್ಲೇ ಓಡುವ ಎಂಜಿನ್ನಿನಲ್ಲಿ ಲೋಹ ಅದುರುವ ಸದ್ದು ಕೇಳಿಸುವುದುಂಟು.

ಸಹಜ ವಿಳಂಬ ಕಾರು ಹೊಸದಿದ್ದಾಗಿನಿಂದಲೂ ಒಂದೇ ರೀತಿ ಇರುತ್ತದೆ. ಮೊದಲು ಇಲ್ಲದ ವಿಳಂಬ ನಂತರ ಕಾಣಿಸಿಕೊಂಡರೆ ಅದು ದೋಷ. ಅದು ಯಾವ ಬದಿಯದೆಂದು ನಿರ್ಧರಿಸುವುದು ಪರೀಕ್ಷೆಯ ಮೊದಲ ಹೆಜ್ಜೆ. ಕಂಪ್ರೆಸರಿನ ನಂತರದ ಗಾಳಿಕೊಳವೆ ಸೋರಿದರೆ ಹೊರೆ ಬಿದ್ದಾಗ ಹಿಸ್ಸೆನ್ನುವ ಸದ್ದು, ಕೊಳವೆಯ ಬೆಸುಗೆಗಳಲ್ಲಿ ಎಣ್ಣೆಯ ಪಸೆ, ಡೀಸೆಲ್ ವಾಹನಗಳಲ್ಲಿ ಕಪ್ಪು ಹೊಗೆ ಕಾಣಬಹುದು. ಟರ್ಬೈನಿನ ಮೊದಲು ನಿಷ್ಕಾಸ ಮ್ಯಾನಿಫೋಲ್ಡ್ ಅಥವಾ ಅದರ ಗ್ಯಾಸ್ಕೆಟ್ ಸೋರಿದರೆ ತಣ್ಣಗಿರುವಾಗ ಟಿಕ್ ಟಿಕ್ ಎಂಬ ಸದ್ದು ಜೋರಾಗಿದ್ದು, ಲೋಹ ಕಾದು ಹಿಗ್ಗಿದಂತೆ ಕಡಿಮೆಯಾಗುವುದುಂಟು. ಸಂದುಗಳ ಸುತ್ತ ಮಸಿಯ ಗೆರೆ ಉಳಿದಿರುತ್ತದೆ. ವೇಸ್ಟ್‌ಗೇಟಿನ ಸೋರಿಕೆಗೆ ಇಂತಹ ಹೊರಗುರುತು ಇರುವುದಿಲ್ಲ, ಏಕೆಂದರೆ ಸೋರಿದ ಅನಿಲ ಹೊಗೆಕೊಳವೆಯೊಳಗೇ ಹೋಗಿ ಸೇರುತ್ತದೆ. ಆದ್ದರಿಂದಲೇ ಅದನ್ನು ಪತ್ತೆಹಚ್ಚುವುದು ಕಷ್ಟ. ಎಂಜಿನ್ ಆರಿಸಿ ತಣಿದ ಮೇಲೆ ಆಕ್ಚುಯೇಟರಿಗೆ ಕೈಪಂಪಿನಿಂದ ಒತ್ತಡ ಕೊಟ್ಟು, ಸರಳು ತಯಾರಕರು ಸೂಚಿಸಿದ ಒತ್ತಡದಲ್ಲೇ ಚಲಿಸಲಾರಂಭಿಸುತ್ತದೆಯೇ, ಒತ್ತಡ ಬಿಟ್ಟಾಗ ಬಾಗಿಲು ಬಿಗಿಯಾಗಿ ಕೂರುತ್ತದೆಯೇ ಎಂದು ನೋಡುವುದು ರೂಢಿ. ಕೆಲವು ಕಾರುಗಳಲ್ಲಿ ನಿರ್ವಾತವೇ ಬಾಗಿಲನ್ನು ಮುಚ್ಚಿ ಹಿಡಿಯುತ್ತದೆ. ಅಲ್ಲಿ ಒಂದು ರಬ್ಬರ್ ನಳಿಗೆ ಬಿರುಕು ಬಿಟ್ಟರೂ ಟರ್ಬೊ ಕೆಟ್ಟಂತೆಯೇ ಭಾಸವಾಗುತ್ತದೆ. ಬೂಸ್ಟ್ ಕೊರತೆಯನ್ನು ಸೂಚಿಸುವ ಪಿ0299 ಸಂಕೇತವು ಕೊರತೆಯಿದೆ ಎಂದಷ್ಟೇ ಹೇಳುತ್ತದೆ, ಕಾರಣವನ್ನಲ್ಲ. ಅದನ್ನೇ ನಂಬಿ ಟರ್ಬೊವನ್ನೇ ಬದಲಿಸುವುದು ದುಬಾರಿ ಅವಸರ.

ಎಲ್ಲ ಟರ್ಬೊಗಳಿಗೂ ವೇಸ್ಟ್‌ಗೇಟ್ ಇರುವುದಿಲ್ಲ. ಭಾರತದಲ್ಲಿ ಹಲವು ಕಾರುಗಳಲ್ಲಿ ಬಂದ 1.3 ಲೀಟರಿನ ಫಿಯೆಟ್ ಮಲ್ಟಿಜೆಟ್ ಡೀಸೆಲ್ ಎಂಜಿನ್ನಿನ 75 ಅಶ್ವಶಕ್ತಿಯ ರೂಪಕ್ಕೆ ಸ್ಥಿರ ಟರ್ಬೊ ಇದ್ದರೆ, 90 ಅಶ್ವಶಕ್ತಿಯ ರೂಪಕ್ಕೆ ಅಲಗುಗಳ ಕೋನ ಬದಲಿಸುವ ಟರ್ಬೊ ಇತ್ತು. ಎರಡನೆಯ ಬಗೆಯಲ್ಲಿ ಬಾಗಿಲಿನ ಬದಲು ಮಸಿ ಹಿಡಿದ ಅಲಗುಗಳನ್ನು ಪರೀಕ್ಷಿಸಬೇಕಾಗುತ್ತದೆ.

ಕರ್ನಾಟಕದಲ್ಲಿ

ಬ್ಯೂಖಿ ಭಾರತದೊಡನೆ ನೇರ ಸಂಬಂಧ ಹೊಂದಿದ್ದರೆಂಬ ದಾಖಲೆಗಳು ಪ್ರಚಲಿತವಾಗಿಲ್ಲ. ಆದರೆ ಅವರ ಕಲ್ಪನೆಯ ಯಂತ್ರ ಅವರ ಜೀವಿತಕಾಲದಲ್ಲೇ ಬೆಂಗಳೂರಿಗೆ ಬಂದಿತ್ತು. ಎರಡನೆಯ ಮಹಾಯುದ್ಧದ ನಂತರ ಕಾನ್ಪುರದಲ್ಲಿ ಕೈಬಿಟ್ಟಿದ್ದ ಬಿ-24 ಲಿಬರೇಟರ್ ಬಾಂಬರ್‌ಗಳಲ್ಲಿ ಸುಮಾರು 40ನ್ನು 1948ರಿಂದ ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದು, ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ದುರಸ್ತಿ ಮಾಡಿ ಭಾರತೀಯ ವಾಯುಪಡೆಗೆ ಒಪ್ಪಿಸಲಾಯಿತು. ಈ ವಿಮಾನಗಳ ಎಂಜಿನ್ನುಗಳಿಗೆ ಜನರಲ್ ಎಲೆಕ್ಟ್ರಿಕ್ ಟರ್ಬೊಗಳಿದ್ದವು, ಅವುಗಳಿಗೆ ವೇಸ್ಟ್‌ಗೇಟ್‌ಗಳೂ ಇದ್ದವು. ವಾಯುಪಡೆ ಇವನ್ನು 1968ರವರೆಗೆ ಬಳಸಿತು.

ರೈಲು ಪ್ರಯಾಣಿಕರು ಬೂಸ್ಟ್ ವಿಳಂಬವನ್ನು ಹೆಸರು ಗೊತ್ತಿಲ್ಲದೆಯೇ ನೋಡಿದ್ದಾರೆ. ಅಮೆರಿಕದ ಆಲ್ಕೊ ವಿನ್ಯಾಸದ ಡಬ್ಲ್ಯುಡಿಎಂ-2 ಎಂಜಿನ್ನಿನದು 16 ಸಿಲಿಂಡರು, 2,600 ಅಶ್ವಶಕ್ತಿ. ಬೆಂಗಳೂರು–ಹುಬ್ಬಳ್ಳಿ ಮಾರ್ಗ ಮೀಟರ್‌ಗೇಜ್ ಆಗಿದ್ದ ಕಾಲದಲ್ಲಿ ದಾವಣಗೆರೆಯ ಮೂಲಕ ಓಡಿದ ವೈಡಿಎಂ-4 ಅದೇ ವಂಶದ ಆರು ಸಿಲಿಂಡರಿನದು. ಎರಡಕ್ಕೂ ಟರ್ಬೊ ಇತ್ತು. ನಿಲ್ದಾಣದಿಂದ ಹೊರಡುವಾಗ ಚಾಲಕರು ಹಿಡಿಯನ್ನು ಮುಂದಕ್ಕೆ ತಳ್ಳಿದೊಡನೆ ಇಂಧನ ಹೆಚ್ಚುತ್ತದೆ. ಭಾರವಾದ ಟರ್ಬೊ ವೇಗ ಹಿಡಿದು ಗಾಳಿ ಒದಗಿಸುವಷ್ಟರಲ್ಲಿ ಕೆಲವು ಕ್ಷಣಗಳಾಗುತ್ತವೆ. ಆ ನಡುವೆ ಎದ್ದು ನಿಲ್ಲುತ್ತಿದ್ದ ಕಪ್ಪು ಹೊಗೆಯ ಕಂಬವೇ ವಿಳಂಬದ ಗುರುತು. ಮುಂದೆ ಭಾರತದ ಆಲ್ಕೊ ಎಂಜಿನ್ನುಗಳಲ್ಲಿ ಕೆಲವಕ್ಕೆ ಎಬಿಬಿ ಸಂಸ್ಥೆಯ ಟರ್ಬೊಗಳನ್ನು ಹಾಕಲಾಯಿತು. ಎಬಿಬಿ ಎಂದರೆ ಬ್ಯೂಖಿಯವರ ಪಾಲುದಾರ ಬ್ರೌನ್ ಬೊವೆರಿಯು 1988ರಲ್ಲಿ ಸ್ವೀಡನ್ನಿನ ಅಸಿಯಾ ಜೊತೆ ವಿಲೀನವಾಗಿ ಹುಟ್ಟಿದ ಸಂಸ್ಥೆ. ಅದರ ಟರ್ಬೊ ವಿಭಾಗ 2022ರಲ್ಲಿ ಬೇರ್ಪಟ್ಟು ಆಕ್ಸೆಲರಾನ್ ಎಂಬ ಹೆಸರಿನಲ್ಲಿ ಬಾಡೆನ್ ನಗರದಿಂದಲೇ ಕಾರ್ಯನಿರ್ವಹಿಸುತ್ತಿದೆ.

ಜಗಳೂರು ತಾಲ್ಲೂಕಿನ ಸೊಕ್ಕೆ ಹೋಬಳಿಯಂತಹ ಮಳೆಯಾಶ್ರಿತ ಬಯಲುಸೀಮೆಗೆ ಪರಿಚಿತವಾದ ಟರ್ಬೊ ಎಂದರೆ ಕೊಳವೆಬಾವಿ ಕೊರೆಯುವ ಲಾರಿಯದು. ಬಂಡೆಯ ಪುಡಿಯನ್ನು ಮೇಲೆತ್ತುವ ಗಾಳಿಯಂತ್ರವನ್ನು ಓಡಿಸುವ ದೊಡ್ಡ ಡೀಸೆಲ್ ಎಂಜಿನ್ನುಗಳಲ್ಲಿ ಟರ್ಬೊ ಸಾಮಾನ್ಯ. ಹೊರೆ ಹೊತ್ತು ಗಂಟೆಗಟ್ಟಲೆ ಒಂದೇ ವೇಗದಲ್ಲಿ ದುಡಿಯುವ ಈ ಎಂಜಿನ್ನುಗಳ ಕೆಲಸದ ರೀತಿ ಕಾರಿಗಿಂತಲೂ 1926ರ ಹಡಗುಗಳ ಎಂಜಿನ್ನಿಗೆ ಹತ್ತಿರವಾದುದು.